ಟ್ರೇಲರ್ ಕಟ್ಟಲು ಬಾರದ ಕತ್ತರಿ

ಕತ್ತರಿ ಮಾತಿಗೆ ಕೂತರೆ ಗೋಡೆ ಗಡಿಯಾರವೂ ಟಿಕ್ ಟಿಕ್ ನಿಲ್ಲಿಸಿ ಕೇಳುತ್ತಿತ್ತು. ಅವನದು ಒಂದೇ ಕುರ್ಚಿಯ ಕ್ಷೌರದಂಗಡಿ, ಅದಕ್ಕೇ ಜನ ಇಟ್ಟ ಹೆಸರು ಕತ್ತರಿ. ಒಮ್ಮೆ ಒಬ್ಬ ಮದುಮಗ ಗಡ್ಡ ಬೋಳಿಸಿಕೊಳ್ಳಲು ಬಂದು ಕೂತ. ಕತ್ತರಿ ಎಡಗೆನ್ನೆ ಮುಗಿಸಿದವನು ಬಲಗೆನ್ನೆಗೆ ಬರುವ ಮೊದಲು ಒಂದು ಕಥೆ ತೆಗೆದ. ಕಥೆ ಮುಗಿದು ಬಲಗೆನ್ನೆ ನುಣ್ಣಗಾಗುವಷ್ಟರಲ್ಲಿ ಎಡಗೆನ್ನೆಯಲ್ಲಿ ಮತ್ತೆ ಗಡ್ಡ ಬಂದಿತ್ತು. ಮದುಮಗ ಬೈಯಲಿಲ್ಲ. ಕಥೆಯಲ್ಲಿ ಬಂದ ಕಳ್ಳ ಕೊನೆಗೆ ಸಿಕ್ಕಿದನೋ ಇಲ್ಲವೋ ಎಂದು ಇನ್ನೊಮ್ಮೆ ಕೇಳಿಕೊಂಡು ಹೋದ.

ಅಂಥ ಬಾಯಿಗೂ ಬೀಗ ಬಿತ್ತು. ಮೊದಲು ಹೆಂಡತಿ ತೀರಿಹೋದಳು. ಆಮೇಲೆ ರಸ್ತೆ ಅಗಲ ಮಾಡುವವರು ಬಂದು ಅಂಗಡಿ ಕೆಡವಿದರು. ಮನೆಯಲ್ಲಿ ಕೇಳುವವರಿಲ್ಲ, ಬೀದಿಯಲ್ಲಿ ಕೂರಿಸಿಕೊಳ್ಳಲು ಕುರ್ಚಿಯಿಲ್ಲ. ಅಂಗಡಿ ನುಂಗಿದ ರಸ್ತೆಯಲ್ಲೇ ಅನ್ನ ಹುಡುಕೋಣವೆಂದು ಕತ್ತರಿ ದೊಡ್ಡ ಗಾಡಿಯ ಲೈಸೆನ್ಸು ಮಾಡಿಸಿಕೊಂಡು, ಸರಕು ಸಾಗಿಸುವ ಕಂಪನಿಯೊಂದಕ್ಕೆ ಸೇರಿದ. ನಲವತ್ತು ದಾಟಿದ ಹೊಸಬ.

ಆ ಕಂಪನಿಯ ಯಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ಹೊಸಬನ ಪಕ್ಕದ ಸೀಟಿನಲ್ಲಿ ಒಬ್ಬ ಹಳೇ ಡ್ರೈವರು ಕೂರಬೇಕು. ಹೊಸಬ ಯಾರೂ ಹೇಳಿಕೊಡದೆ, ಒಂದೂ ತಪ್ಪಿಲ್ಲದೆ, ಎಂಜಿನ್ ಇರುವ ಮುಂದಿನ ಗಾಡಿಗೆ ಸರಕಿನ ಟ್ರೇಲರ್ ಕಟ್ಟಿ ತೋರಿಸಿದ ದಿನ ಹಳಬ ತನ್ನ ದಿಂಬು ಎತ್ತಿಕೊಂಡು ಇಳಿದುಬಿಡುತ್ತಾನೆ. ಅಲ್ಲಿಂದ ಮುಂದೆ ಹೊಸಬ ಒಬ್ಬನೇ. ಎಲ್ಲ ಹೊಸಬರೂ ಆ ದಿನಕ್ಕೆ ಬಾಯಿ ಬಾಯಿ ಬಿಡುತ್ತಿದ್ದರು.

ಕತ್ತರಿಯ ಪಕ್ಕ ಕೂತವನು ದೊಡ್ಡಣ್ಣ. ಇಡೀ ಯಾರ್ಡು ಅವನನ್ನು ಹಾಗೇ ಕರೆಯುತ್ತಿತ್ತು. ಒಂದು ಮಾತು ಆಡಿದರೆ ಒಂದು ಹಲ್ಲು ಉದುರುತ್ತದೆ ಎಂದುಕೊಂಡವನಂತೆ ಇರುತ್ತಿದ್ದ. ಆದರೆ ಕಿವಿ ಮಾತ್ರ ಚಿನ್ನದ್ದು. ಕತ್ತರಿ ಕಥೆ ಹೊಡೆಯುತ್ತಿದ್ದರೆ ದೊಡ್ಡಣ್ಣ ರಸ್ತೆ ನೋಡುತ್ತಲೇ "ಹೂಂ" ಅನ್ನುತ್ತಿದ್ದ. ಆ "ಹೂಂ" ಎಂದೂ ತಪ್ಪಿದ ಜಾಗದಲ್ಲಿ ಬೀಳುತ್ತಿರಲಿಲ್ಲ. ಹೆಂಡತಿ ಹೋದ ಮೇಲೆ ಕತ್ತರಿಗೆ ಅಂಥ "ಹೂಂ" ಸಿಕ್ಕಿರಲಿಲ್ಲ.

ಹಾಗಾಗಿ ಕತ್ತರಿ ದಡ್ಡನಾಗಲು ತೀರ್ಮಾನಿಸಿದ.

ಮುಂದಿನ ಗಾಡಿಯ ಬೆನ್ನ ಮೇಲೆ ಗ್ರೀಸು ಮೆತ್ತಿದ, ದೋಸೆಕಲ್ಲಿನಂಥ ದಪ್ಪ ಕಬ್ಬಿಣದ ತಟ್ಟೆ ಇರುತ್ತದೆ. ಟ್ರೇಲರಿನ ಮೂತಿ ಕೂರುವುದು ಅದರ ಮೇಲೆ. ಅದಕ್ಕೆ ಫಿಫ್ತ್ ವೀಲ್, ಅಂದರೆ ಐದನೇ ಚಕ್ರ, ಎಂದು ಹೆಸರು. ದೊಡ್ಡಣ್ಣ ಅದನ್ನು ತೋರಿಸು ಎಂದ ದಿನ ಕತ್ತರಿ ಗಾಡಿಯ ಕೆಳಗೆ ತೂರಿ ಚಕ್ರ ಎಣಿಸುತ್ತಾ ಹೋದ. ಮೊದಲ ದಿನ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎರಡನೇ ದಿನ ಗೊತ್ತಿದ್ದೂ ಎಣಿಸಿದ. ದೊಡ್ಡಣ್ಣ ತಲೆ ಚಚ್ಚಿಕೊಂಡು ಮತ್ತೆ ಮೊದಲಿನಿಂದ ಹೇಳಿಕೊಟ್ಟ. ಒಂದು ದಿನ ಕತ್ತರಿ, ಬಿಡಿಯಾಗಿ ನಿಂತ ಟ್ರೇಲರಿನ ಮೂತಿಗೆ ಆಸರೆಯಾಗುವ ಕಾಲು ಎತ್ತುವುದನ್ನು ಬಿಟ್ಟ, ಇನ್ನೊಂದು ದಿನ ಗಾಳಿ ಪೈಪು ಸಿಕ್ಕಿಸುವುದನ್ನು, ಮತ್ತೊಂದು ದಿನ ಚಕ್ರಕ್ಕೆ ಕೊಟ್ಟ ಅಡ್ಡಗಲ್ಲು ತೆಗೆಯುವುದನ್ನು. ದಿನಕ್ಕೊಂದೇ ತಪ್ಪು, ಔಷಧಿ ಗುಳಿಗೆಯ ಹಾಗೆ. ಗಾಡಿ ಹೊರಡುವ ಮುಂಚೆ ದೊಡ್ಡಣ್ಣ ಸುತ್ತು ಹಾಕಿ ನೋಡಿಯೇ ಹತ್ತುತ್ತಿದ್ದ, ಕಂಡುಹಿಡಿದು ಗೊಣಗುತ್ತಿದ್ದ, ಸರಿಮಾಡಿಸಿ ಪಕ್ಕದಲ್ಲಿ ಕೂರುತ್ತಿದ್ದ. ಆಮೇಲೆ ದಿನವಿಡೀ ರಸ್ತೆ, ಕಥೆ, "ಹೂಂ".

ಜೊತೆಗೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಸ್ವಂತ ಗಾಡಿ ಹತ್ತಿ ಹೋದರು. ಹೋಗುವಾಗ ಕತ್ತರಿಯನ್ನು ಆಡಿಕೊಂಡರು. ಇವನಿಗೆ ಕಲಿಸುವ ಬದಲು ಟ್ರೇಲರಿಗೇ ಕಲಿಸಿದ್ದರೆ ಅದು ತಾನಾಗಿ ಬಂದು ಕಟ್ಟಿಕೊಳ್ಳುತ್ತಿತ್ತು ಎಂದರು. ಕತ್ತರಿ ಅವರಿಗಿಂತ ಜೋರಾಗಿ ನಕ್ಕ.

ಒಂದು ಬೆಳಿಗ್ಗೆ ಗಾಜಿನ ಹಾಳೆ ತುಂಬಿದ ಟ್ರೇಲರು ಹೊರಡಬೇಕಿತ್ತು. ಅಂದಿನ ತಪ್ಪಿಗೆ ಕತ್ತರಿ ಲಾಕನ್ನು ಆರಿಸಿಕೊಂಡ. ಟ್ರೇಲರಿನ ಮೂತಿಯ ಕೆಳಗೆ ಒಂದು ಗಟ್ಟಿ ಪಿನ್ನು ಇಳಿಬಿದ್ದಿರುತ್ತದೆ. ಮುಂದಿನ ಗಾಡಿ ಹಿಂದಕ್ಕೆ ಬಂದು ಗುದ್ದಿದರೆ ತಟ್ಟೆಯೊಳಗಿನ ದವಡೆ ಅದನ್ನು ಕಚ್ಚಿಕೊಳ್ಳಬೇಕು. ಕತ್ತರಿ ಬೇಕೆಂದೇ ಮೆಲ್ಲಗೆ ಬಂದು, ದವಡೆ ಕಚ್ಚುವ ಮೊದಲೇ ನಿಲ್ಲಿಸಿದ. ಲಾಕಿನ ಹಿಡಿ ಹೊರಗೆ ಚಾಚಿಕೊಂಡೇ ಇತ್ತು. ಕಣ್ಣಿದ್ದವರಿಗೆಲ್ಲ ಕಾಣುವ ತಪ್ಪು, ದೊಡ್ಡಣ್ಣನಿಗೆ ಕಾಣದೆ ಇರುತ್ತದೆಯೇ? ಉಳಿದದ್ದನ್ನೆಲ್ಲ ಸರಿಯಾಗಿ ಮಾಡಿ, ಕಾಲನ್ನೂ ಎತ್ತಿ ಬಂದು ಸ್ಟೀರಿಂಗ್ ಹಿಡಿದು ಕೂತ.

ಆದರೆ ಆ ದಿನ ದೊಡ್ಡಣ್ಣ ಸುತ್ತು ಹಾಕಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ನೇರವಾಗಿ ಹತ್ತಿ ಕೂತು, "ಇಷ್ಟು ದಿನ ಆದ್ಮೇಲೂ ನಾನೇ ನೋಡ್ಬೇಕೇನಪ್ಪ? ನಡಿ" ಅಂದ.

ಕತ್ತರಿ ಇಳಿದು ಸರಿಮಾಡೋಣವೆಂದು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ಗುದ್ದಿದರು. ಯಾರ್ಡಿನ ಮೇಸ್ತ್ರಿ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ಬಗ್ಗಿ ಎದ್ದಿದ್ದ. ಇಬ್ಬರನ್ನೂ ಇಳಿಸಿದ. ಒಂದು ಗಜ ಮುಂದೆ ಹೋಗಿದ್ದರೆ ಟ್ರೇಲರಿನ ಮೂತಿ ನೆಲಕ್ಕೆ ಕುಸಿದು ಗಾಜೆಲ್ಲ ಸಕ್ಕರೆಯಾಗುತ್ತಿತ್ತು, ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಅವರ ಕಥೆಯೂ ಮುಗಿಯುತ್ತಿತ್ತು ಎಂದ. ಇದನ್ನೆಲ್ಲ ಅವನು ಕತ್ತರಿಗೆ ಹೇಳಲೇ ಇಲ್ಲ. ಕಲಿಯುವವನು ತಪ್ಪುವುದು ಸಹಜ. ಅವನು ತಿರುಗಿದ್ದು ದೊಡ್ಡಣ್ಣನ ಕಡೆಗೆ.

"ನಿಮ್ಮ ಕೈಲಿ ಇನ್ನು ಕಲಿಸೋಕಾಗಲ್ಲ ಬಿಡಿ. ನಾಳೆಯಿಂದ ಟೈರ್ ಶೆಡ್ಡಿನಲ್ಲಿ ಗಾಳಿ ನೋಡ್ಕೊಂಡಿರಿ."

ದೊಡ್ಡಣ್ಣನ ಮುಖ ಒಣಗಿದ ಸುಣ್ಣದಂತಾಯಿತು. ಅರ್ಧ ಯಾರ್ಡಿಗೆ ಸ್ಟೀರಿಂಗ್ ಹಿಡಿಸಿದ್ದ ಮನುಷ್ಯ, ನಿಧಾನಕ್ಕೆ ಗಾಡಿಯ ಮೆಟ್ಟಿಲು ಹತ್ತಿ ದಿಂಬಿಗೆ ಕೈ ಚಾಚಿದ.

ಕತ್ತರಿ ಬಾಯಿ ತೆರೆದ. ಈ ಸಲ ಕಥೆಯಲ್ಲ.

ಕೈ ಹಿಡಿದು ಮೇಸ್ತ್ರಿಯನ್ನು ಗಾಡಿಯ ಹಿಂದಕ್ಕೆ ಕರೆದೊಯ್ದ. ಇದು ಫಿಫ್ತ್ ವೀಲ್, ಇದಕ್ಕೆ ಗ್ರೀಸು ಯಾಕೆ ಬೇಕೆಂದರೆ ತಿರುವಿನಲ್ಲಿ ಟ್ರೇಲರು ಇದರ ಮೇಲೆ ಹೊರಳಬೇಕು. ಇದು ಕಿಂಗ್ ಪಿನ್. ಇದು ದವಡೆ, ಮುಚ್ಚಿದರೆ ಈ ಹಿಡಿ ಒಳಕ್ಕೆ ಹೋಗುತ್ತದೆ, ಆದರೂ ಬಗ್ಗಿ ಕಣ್ಣಾರೆ ನೋಡಬೇಕು. ಕೆಂಪು ಪೈಪು ಟ್ರೇಲರಿಗೆ ಗಾಳಿ ತುಂಬುವುದು, ಅದು ಕಳಚಿದರೆ ಬ್ರೇಕು ತಾನಾಗಿ ಹಿಡಿಯುತ್ತದೆ. ನೀಲಿ ಪೈಪು ಪೆಡಲು ತುಳಿದ ಸುದ್ದಿ ಮುಟ್ಟಿಸುವುದು. ಇಷ್ಟೂ ಆದ ಮೇಲೆ ಟ್ರೇಲರಿನ ಬ್ರೇಕು ಹಿಡಿದಿಟ್ಟು ಮುಂದಕ್ಕೆ ಜಗ್ಗಿ ನೋಡಬೇಕು. ಅಲ್ಲಾಡದೆ ನಿಂತರೆ ಕಟ್ಟಿದ್ದು ಗಟ್ಟಿ. ಕಾಲು ಎತ್ತುವುದು ಆಮೇಲೆ, ಅದಕ್ಕೆ ಮುಂಚೆ ಅಲ್ಲ. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿದ. ಹೇಳಿದ್ದಷ್ಟೇ ಅಲ್ಲ, ಟ್ರೇಲರಿನ ಕಾಲು ಇಳಿಸಿ, ಪೈಪು ಕಳಚಿ, ಮೊದಲಿನಿಂದ ಎಲ್ಲ ಕಟ್ಟಿಯೂ ತೋರಿಸಿದ. ಒಂದೂ ತಪ್ಪಲಿಲ್ಲ.

"ಇವರು ಕಲಿಸಿದ್ದು ಸಾರ್. ಎಲ್ಲಾ ಇವರೇ."

ಇಷ್ಟು ಬರುವವನು ಬೆಳಿಗ್ಗೆ ಹಾಗೇಕೆ ಮಾಡಿದೆ ಎಂದು ಮೇಸ್ತ್ರಿ ಕೇಳಿದ. ಕತ್ತರಿ ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಸರಿಯಾಗಿ ಮಾಡಿದ್ರೆ ಅಣ್ಣ ಇಳಿದುಬಿಡ್ತಾರಲ್ಲ ಸಾರ್."

ಮೇಸ್ತ್ರಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ, ಬೈದೇ ಬೈದ. ಇನ್ನೊಮ್ಮೆ ಇಂಥ ನಾಟಕ ಕಂಡರೆ ಗೇಟಿನ ಹೊರಗೆ ಎಂದ. ಟೈರ್ ಶೆಡ್ಡಿನ ಮಾತು ಹಿಂದಕ್ಕೆ ತೆಗೆದುಕೊಂಡ. ಗಾಜು ಮಧ್ಯಾಹ್ನದೊಳಗೆ ತಲುಪಬೇಕು, ಕತ್ತರಿ ಒಬ್ಬನೇ ಒಯ್ಯಲಿ, ದೊಡ್ಡಣ್ಣನಿಗೆ ಇನ್ನೊಬ್ಬ ಹೊಸಬ ಕಾಯುತ್ತಿದ್ದಾನೆ ಎಂದು ಹೇಳಿ ಹೊರಟುಹೋದ.

ದೊಡ್ಡಣ್ಣ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಸಿಟ್ಟಿತ್ತು. ಕೆಳಗೆ ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ ಏನು ಗತಿ ಎಂದು ಗೊಣಗಿದ. ಆಮೇಲೆ ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಿಸಿದ.

"ಇನ್ನೊಂದಷ್ಟು ದಿನ ಬಾ ಅಣ್ಣ ಅಂದಿದ್ರೆ ಬರ್ತಿದ್ನಲ್ಲೋ. ಬಾಯಿ ಬಿಟ್ಟು ಕೇಳೋಕೇನಾಗಿತ್ತು? ಈಗ ಮೇಸ್ತ್ರಿ ಮುಂದೆ ಮಾಡಿ ತೋರಿಸ್ಬಿಟ್ಟೆ. ಹೇಗಪ್ಪ ಬರ್ಲಿ?"

ಲೋಕದಲ್ಲಿ ಇರುವ ಮಾತನ್ನೆಲ್ಲ ಆಡಿದವನಿಗೆ ಅದೊಂದು ಮಾತು ಹೊಳೆದೇ ಇರಲಿಲ್ಲ. ಕತ್ತರಿ ತಲೆ ತಗ್ಗಿಸಿ ಮೇಲೆ ಹತ್ತಿದ. ಕನ್ನಡಿಯಲ್ಲಿ ದೊಡ್ಡಣ್ಣ ಕುಂಟುತ್ತಾ ಹೊಸಬನ ಗಾಡಿಯ ಕಡೆ ನಡೆದು, ತಿರುವಿನಲ್ಲಿ ಕಾಣದಾದ.

ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದು ಗಾಡಿಯಲ್ಲಿ ಎಷ್ಟು ಜನ ಎಂದು ಕೇಳಿದ. ದಿನಾ ಕೇಳುವ ಪ್ರಶ್ನೆಯೇ. "ಒಬ್ಬನೇ" ಅಂದ ಕತ್ತರಿ. ಕಾವಲುಗಾರ ಅಡ್ಡಗಂಬ ಎತ್ತಿದ. ಕತ್ತರಿ ಗಾಡಿ ಬಿಡಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಒಂದು ಸಲ ಏನಾಯ್ತು ಅಂದ್ರೆ, ಒಬ್ಬ ಮದುಮಗ ಗಡಿಬಿಡಿಯಲ್ಲಿ ಗಡ್ಡಕ್ಕೆ ಬಂದ ಎಂದು ಶುರುಮಾಡಿದ. ಹಿಂದೆ ಲಾರಿಗಳು ಸಾಲುಗಟ್ಟಿದವು. ಒಂದು ಹಾರ್ನು ಹೊಡೆಯಿತು, ಆಮೇಲೆ ಎರಡು, ಆಮೇಲೆ ಸಾಲೆಲ್ಲ. ಅವನಿನ್ನೂ ಎಡಗೆನ್ನೆಯಲ್ಲೇ ಇದ್ದ.