ಬಾಗಿಲಿಗೆ ಬಾರದ ಕೊಂಡಿ

ನಾನು ಒಂದು ಕೊಂಡಿ. ಯಕೃತ್ತಿನ ಜೀವಕೋಶದ ಹೊರಬಾಗಿಲಲ್ಲಿ ನಿಂತು, ರಕ್ತದಲ್ಲಿ ತೇಲಿಬರುವ ಕೊಲೆಸ್ಟ್ರಾಲ್ ಮೂಟೆಗಳನ್ನು ಹಿಡಿದು ಒಳಗೆಳೆಯುವುದು ನನ್ನಂಥವರ ಕೆಲಸ. ಒಳಗೆ ಹೊಸದಾಗಿ ಕಟ್ಟಿದ ಮೂಟೆಗಳು ಹೆಚ್ಚಾದರೆ ಹೊಸ್ತಿಲಲ್ಲೇ ತಡೆಯುವುದೂ ನಮ್ಮದೇ ಕೆಲಸ. ಡಾಕ್ಟರರು ನಮ್ಮನ್ನು ರಿಸೆಪ್ಟರ್, ಅಂದರೆ ಗ್ರಾಹಕ, ಎನ್ನುತ್ತಾರೆ. ಹೆಸರೇನೋ ದೊಡ್ಡದು, ನಾನು ಮಾಡಿದ ಕೆಲಸ ಮಾತ್ರ ಸೊನ್ನೆ. ನಾನು ಹುಟ್ಟಿದ್ದೇ ಸೊಟ್ಟಗೆ. ಬಾಗಿಲ ತನಕ ನಡೆಯಲಾರದ ನನ್ನನ್ನು ಜೀವಕೋಶ ಒಳಗೇ ಮುರಿದುಹಾಕುತ್ತದೆ; ಅದೇ ಸೊಟ್ಟ ಅಚ್ಚಿನಿಂದ ನಾನು ಮತ್ತೆ ಹುಟ್ಟುತ್ತೇನೆ. ಸಾವಿರ ಸಲ ಸತ್ತರೂ ಇದನ್ನು ಒಂದೇ ಬಾಳೆಂದು ಹೇಳಿಕೊಳ್ಳುತ್ತೇನೆ.

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುತ್ತಿದ್ದ ಒಬ್ಬನ ಮೈಯಲ್ಲಿ ನನ್ನ ಅಚ್ಚು ಇತ್ತು. ಅವನು ನಲವತ್ತು ತುಂಬುವ ಮೊದಲೇ ಮಗ್ಗದ ಮುಂದೆ ಎದೆ ಹಿಡಿದುಕೊಂಡು ಸತ್ತ. ಅವನಿಂದ ಮಗಳು ಅಂಬವ್ವನಿಗೂ ಮಗ ಮಹಾಲಿಂಗನಿಗೂ ಬಂದೆ. ಅವರಲ್ಲಿ ತಾಯಿಯಿಂದ ಬಂದ ನೆಟ್ಟಗಿನ ಇನ್ನೊಂದು ಅಚ್ಚೂ ಇದ್ದುದರಿಂದ ಅದರ ಕೊಂಡಿಗಳು ಹೇಗೋ ತೂಗಿಸಿದವು.

ಅಂಬವ್ವನ ಮಗಳು ದಾಕ್ಷಾಯಣಿಯಲ್ಲೂ ನಾನಿದ್ದೆ. ಅಂಬವ್ವ ಅವಳನ್ನು ತನ್ನ ತಮ್ಮ ಮಹಾಲಿಂಗನಿಗೇ ಕೊಟ್ಟಳು. "ಸ್ವಾದರಮಾವ ಇರೂಮುಂದ ಹೊರಗ ಯಾಕ ಹುಡುಕೂದು? ಕೂಸು ಕಣ್ಮುಂದ ಇರ್ತೈತಿ" ಎಂದಳು. ಆ ಮದುವೆಯಲ್ಲಿ ಹಿಗ್ಗದೆ ಉಳಿದದ್ದು ನಾನೊಂದೇ.

ಅವರಿಗೆ ನೀಲಾ ಹುಟ್ಟಿದಳು. ತಾಯಿಯ ಕಡೆಯಿಂದಲೂ ನಾನೇ, ತಂದೆಯ ಕಡೆಯಿಂದಲೂ ನಾನೇ. ಮೂಟೆಗಳು ತಡೆಯುವವರಿಲ್ಲದೆ ಹೊರಬಿದ್ದವು, ಒಳಗೆ ಕರೆಯುವವರಿಲ್ಲದೆ ರಕ್ತನಾಳಗಳಿಗೆ ಮೆತ್ತಿಕೊಂಡವು. ಐದನೇ ವರ್ಷಕ್ಕೆ ಅವಳ ಮೊಣಕೈ ಮೇಲೆ ಅದೇ ಕೊಬ್ಬಿನ ಹಳದಿ ಗಂಟುಗಳೆದ್ದವು.

"ನಮ್ಮಪ್ಪನ ಬೆರಳಿನ ಮ್ಯಾಲೂ ಗಂಟಿದ್ದುವು, ನನಗೂ ಅದಾವು. ಮನಿತನದ ಗುರ್ತು ಇದು" ಎಂದು ಅಂಬವ್ವ ಬೀಗಿದಳು. ಪ್ರತಿ ಶುಕ್ರವಾರ ಅವಕ್ಕೆ ಅರಿಶಿನ ಹಚ್ಚಿ ದೃಷ್ಟಿ ತೆಗೆಯುತ್ತಿದ್ದಳು. ಮೊಮ್ಮಗಳೆಂದರೆ ಅವಳಿಗೆ ಪ್ರಾಣ, ಅದನ್ನು ನಾನು ಅಲ್ಲಗಳೆಯಲಾರೆ.

ಹನ್ನೊಂದನೇ ವರ್ಷ ನೀಲಾ ಶಾಲೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕುಳಿತುಬಿಟ್ಟಳು. ಅಂಬವ್ವ ಬಾಗಲಕೋಟೆಗೆ ಕರೆದೊಯ್ದಳು. ಡಾಕ್ಟರು ಗಂಟು ಮುಟ್ಟಿ ನೋಡಿ, "ಮನ್ಯಾಗ ಮತ್ಯಾರಿಗರ ಇಂಥವು ಅದಾವೇನವ್ವಾ? ಸಣ್ಣ ವಯಸ್ಸಿನ್ಯಾಗ ಎದಿನೋವಿನಿಂದ ಯಾರರ ಹೋಗ್ಯಾರೇನು?" ಎಂದು ಕೇಳಿದರು.

ರೋಗದ ಮನೆಯೆಂದು ಹೆಸರಾದರೆ ನಾಳೆ ಈ ಹುಡುಗಿಯನ್ನು ಯಾರು ಮದುವೆಯಾದಾರು? ಅಂಬವ್ವ ಗಂಟಿದ್ದ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಲ್ರೀ. ನಮ್ಮದು ಗಟ್ಟಿ ಮನಿತನ."

ಆದರೂ ನಾಳೆ ರಕ್ತ ಪರೀಕ್ಷೆಗೆ ಬನ್ನಿ ಎಂದರು ಡಾಕ್ಟರು. ಅಂಬವ್ವ ಹೋಗಲಿಲ್ಲ. ಅವಳ ಮಾತು ಮೀರುವವರು ಆ ಮನೆಯಲ್ಲಿ ಇರಲಿಲ್ಲ. ನನಗೆ ಬಾಯಿಲ್ಲ, ಬಾಯಿದ್ದವಳು ಸುಳ್ಳಾಡಿದಳು. ಇಂದಿಗೂ ನನಗೆ ಆ ಸಿಟ್ಟು ಇಳಿದಿಲ್ಲ.

ಹತ್ತೊಂಬತ್ತಕ್ಕೆ ನೀಲಾಳನ್ನು ನೋಡಲು ಗಂಡಿನವರು ಬಂದರು. ಅಜ್ಜಿ ಉದ್ದ ತೋಳಿನ ಕುಪ್ಪಸ ತೊಡಿಸಿದಳು. ಚಹಾ ಹಿಡಿದು ಬಂದ ನೀಲಾ "ಆಯೀ, ಎದಿ ಹಿಡದೈತಿ" ಎಂದು ಬಾಗಿಲಲ್ಲೇ ಕುಸಿದಳು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ಯಾರೋ, ಉಂಡವಳು ಯಾರೋ.

ಹದಿನೈದು ದಿನವಾದ ಮೇಲೆ ಅಂಬವ್ವ ಒಬ್ಬಳೇ ಅದೇ ಡಾಕ್ಟರ ಬಳಿ ಹೋಗಿ, ಸೆರಗಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು. "ನನಗೂ ಅದಾವ್ರೀ. ಅವತ್ತ ಸುಳ್ಳು ಹೇಳಿದ್ನಿ."

ಡಾಕ್ಟರು ಬೈಯಲಿಲ್ಲ. ರಕ್ತ ತೆಗೆಸಿ ಮಾತ್ರೆ ಬರೆದುಕೊಟ್ಟರು.

ಈಗ ನಾನು ಅಂಬವ್ವನ ಮುದಿ ಯಕೃತ್ತಿನ ಮೂಲೆಯಲ್ಲಿ ಹುಟ್ಟುತ್ತ ಸಾಯುತ್ತ ಇದ್ದೇನೆ. ಅವಳು ಮಾತ್ರೆ ನುಂಗಿದಾಗಲೆಲ್ಲ ನೆಟ್ಟಗಿನ ಕೊಂಡಿಗಳು ಇನ್ನಷ್ಟು ಹುಟ್ಟಿ ಬಾಗಿಲಿಗೆ ಓಡುತ್ತವೆ. ನಾನು ಕುಂಟುತ್ತ ನೋಡುತ್ತೇನೆ. ಹೋದ ತಿಂಗಳು ಡಾಕ್ಟರು ರಿಪೋರ್ಟು ನೋಡಿ, "ಚಲೋ ಆಗೈತವ್ವಾ, ಇನ್ನೂ ಹತ್ತು-ಹದಿನೈದು ವರ್ಷ ಏನೂ ಆಗಂಗಿಲ್ಲ ನಿನಗ" ಎಂದರು.

ಆ ಮಾತು ಕೇಳಿ ಅಂಬವ್ವ ಅತ್ತಷ್ಟು, ನೀಲಾ ಸತ್ತ ದಿನವೂ ಅತ್ತಿರಲಿಲ್ಲ.