ಮಡಿಲಿಗೆ ಬಿದ್ದ ಗಿಣಿಹಸಿರು ಸೀರೆ

ಅಕ್ಕಯ್ಯಮ್ಮನ ಮೂಟೆ ಬಿಚ್ಚಿದಾಗ ನನಗೆ ಸಿಟ್ಟಿಗಿಂತ ಮೊದಲು ಖುಷಿಯಾಯಿತು. ಎಂದಾದರೂ ಈಕೆ ಕೈಗೆ ಸಿಗಲಿ ಎಂದು ಕಾಯುತ್ತಲೇ ಇದ್ದೆ.

ಕೃಷ್ಣಾ ತೀರದಲ್ಲಿ ನೆರೆ ಬಂದು ಊರುಗಳು ಮುಳುಗಿದ್ದವು. ಅಲ್ಲಿಗೆ ಕಳಿಸಲು ಶ್ರೀಗಂಧದ ಕಾವಲಿನ ನಮ್ಮ ಬಡಾವಣೆಯವರು ಗಣಪತಿ ಗುಡಿಯ ಅಂಗಳದಲ್ಲಿ ಅಕ್ಕಿ, ಬೇಳೆ, ಬಟ್ಟೆ ಕೂಡಿಸುತ್ತಿದ್ದರು. ಬಟ್ಟೆ ಆರಿಸುವ ಕೆಲಸ ನನ್ನದು. ಅಕ್ಕಯ್ಯಮ್ಮ ಕಳಿಸಿದ ಸೀರೆಗಳು ಮೇಲ್ನೋಟಕ್ಕೆ ಅಚ್ಚುಕಟ್ಟಾಗಿದ್ದವು. ಮಡಿಕೆ ಬಿಡಿಸಿದರೆ ಒಂದೊಂದೂ ಒಳಗೆ ಹರಿದಿತ್ತು.

ಈ ಮಡಿಕೆ ನನಗೆ ಹೊಸದಲ್ಲ. ಹೋದ ವರ್ಷ, ಆಗ ನಾವಿದ್ದ ಹೆಗ್ಗನಹಳ್ಳಿಯಲ್ಲಿ ಮಳೆಗೆ ಮೋರಿ ಉಕ್ಕಿ ಮನೆಯೊಳಗೆ ನೀರು ನುಗ್ಗಿದಾಗ ಉಟ್ಟ ಬಟ್ಟೆಯಲ್ಲೇ ಹತ್ತಿರದ ಶಾಲೆಯಲ್ಲಿ ಆಶ್ರಯ ಪಡೆದಿದ್ದೆವು. ಸಾಲು ಸಾಲು ಮನೆ ಬಾಡಿಗೆಗೆ ಬಿಟ್ಟಿರುವ ಅಕ್ಕಯ್ಯಮ್ಮ ಅಲ್ಲಿಗೆ ಬಂದು, ಗಿಣಿಹಸಿರು ಸೀರೆಯೊಂದನ್ನು ನನ್ನ ಕೈಗಿಟ್ಟು, "ಮುಖ ಮೇಲಕ್ಕೆತ್ತಮ್ಮ, ಫೋಟೋದಲ್ಲಿ ಕಾಣ್ಬೇಕು" ಅಂದಳು. ಎತ್ತಿದೆ. ಉಡುವಾಗ ಹರಿದದ್ದು ಕಂಡಿತು. ಬೇರೆ ಗತಿಯಿಲ್ಲದೆ ನೆರಿಗೆಯೊಳಗೆ ಮುಚ್ಚಿಕೊಂಡೆ. ಊಟದ ಸಾಲಿನಲ್ಲಿ ಅದು ಸೊಂಟದಿಂದ ಕೆಳಗೆ ಪರ್ರನೆ ಸೀಳಿತು. ಹಿಂದೆ ನಿಂತವರು ನಕ್ಕರು. ಮಗಳು ಕವನಾ ತನ್ನ ದುಪಟ್ಟಾ ನನಗೆ ಸುತ್ತಿ ಅತ್ತಳು. ಆ ಅವಮಾನವನ್ನು ನಾನು ಮರೆತಿಲ್ಲ. ಸೀರೆಯನ್ನೂ ಎಸೆದಿಲ್ಲ.

ಈಗ ಕೃಷ್ಣಾ ತೀರದ ಯಾವಳೋ ಒಬ್ಬಳು ಇವುಗಳನ್ನು ಉಟ್ಟು ಜನರ ಮುಂದೆ ನಿಲ್ಲಬೇಕಂತೆ.

"ಪಕ್ಕಕ್ಕಿಟ್ಟು ಸುಮ್ನೆ ಬಿಟ್ಬಿಡಮ್ಮ" ಅಂದಳು ಕವನಾ.

"ಬಿಡ್ತೀನಿ ಕಣೇ. ಎಲ್ಲಿ ಬಿಡ್ಬೇಕೋ ಅಲ್ಲಿ."

ಭಾನುವಾರ ಲಾರಿಗೆ ಪೂಜೆ. ಅದಾದ ಮೇಲೆ, ಇದನ್ನೆಲ್ಲ ಮುಂದೆ ನಿಂತು ನಡೆಸಿಕೊಟ್ಟರೆಂದು ಅಕ್ಕಯ್ಯಮ್ಮನಿಗೆ ಮಡಿಲು ತುಂಬುವುದೆಂದು ನಿಶ್ಚಯವಾಗಿತ್ತು. ಆ ಕೆಲಸ ನನಗಿರಲಿ ಎಂದು ಕೇಳಿಕೊಂಡೆ. ಯಾರೂ ಬೇಡವೆನ್ನಲಿಲ್ಲ.

ಅವಳು ರೇಷ್ಮೆ ಸೀರೆಯುಟ್ಟು ಗಂಡ ನಂಜುಂಡಪ್ಪನ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ನಾನು ಅರಿಶಿನ ಕುಂಕುಮ ಕೊಟ್ಟೆ. ಅವಳು ಸೆರಗೊಡ್ಡಿದಳು. ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ ಹಾಕಿದೆ. ಕೊನೆಗೆ ಸೀರೆ ಇಟ್ಟೆ, ಅವಳು ಮಡಿಸುವಂತೆಯೇ ಮಡಿಸಿ. ಮೊಬೈಲುಗಳೆಲ್ಲ ಮೇಲೆದ್ದವು.

"ಬಿಡಿಸಿ ತೋರಿಸಿ ಅಕ್ಕಯ್ಯಮ್ಮನೋರೆ. ಎಲ್ಲರೂ ನೋಡ್ಲಿ" ಅಂದೆ.

ನಗುತ್ತಲೇ ಒಂದು ತುದಿ ಹಿಡಿದು ಎತ್ತಿದಳು. ಗಿಣಿಹಸಿರು ಸೀರೆ ಜಾರಿ ಬಿಚ್ಚಿಕೊಂಡಿತು. ಆಳುದ್ದದ ಸೀಳು. ಅದರಾಚೆಗೆ ನಿಂತಿದ್ದ ನನ್ನನ್ನು ಅವಳು ಆ ಸೀಳಿನೊಳಗಿಂದಲೇ ನೋಡಿದಳು.

"ಏನೇ ಇದು ವರಲಕ್ಷ್ಮಿ?"

"ನೀವೇ ಶಾಲೇಲಿ ಕೊಟ್ಟಿದ್ದು. ತೊಳೆದು ಇಸ್ತ್ರಿ ಮಾಡಿಸಿದೀನಿ. ನಿಮ್ಮ ಮೂಟೇಲಿರೋದೂ ಎಲ್ಲಾ ಹಿಂಗೇ ಇದಾವೆ. ಲಾರಿಗೆ ಹಾಕಿಲ್ಲ, ನಿಮ್ಮ ಮನೆ ಬಾಗ್ಲಲ್ಲಿ ಇಟ್ಟು ಬಂದಿದೀನಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ನಂಜುಂಡಪ್ಪ, "ಕೆಳಗಿಡೇ ಅದನ್ನ" ಎಂದು ಹಲ್ಲು ಕಡಿದ. ಅವಳಿಗೆ ಇಡಲಾಗಲಿಲ್ಲ. ಗುಡಿಯ ಮುಂದೆ, ತುಂಬಿದ ಮಡಿಲು ಚೆಲ್ಲುವ ಧೈರ್ಯ ಯಾವ ಮುತ್ತೈದೆಗಿದೆ? ಅಕ್ಕಿ ಉದುರದಂತೆ ಸೆರಗನ್ನು ಬಿಗಿಯಾಗಿ ಹಿಡಿದು, ಹರಕು ಸೀರೆ ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದಳು.

ನಾನು ಕವನಾಳ ಕೈಗೆ ಮೊಬೈಲು ಕೊಟ್ಟು, ಅಕ್ಕಯ್ಯಮ್ಮನ ಪಕ್ಕ ನಿಂತೆ.

"ಮುಖ ಮೇಲಕ್ಕೆತ್ತಿ" ಅಂದೆ. "ಫೋಟೋದಲ್ಲಿ ಕಾಣ್ಬೇಕು."