ಬೂಷ್ಟು ಬಾರದ ಬ್ರೆಡ್ಡು

ನಮ್ಮವರಿಗೆ ಒಂದು ಜಂಬ. ಇಪ್ಪತ್ತೆರಡು ವರ್ಷದಿಂದ ಬೇಕರಿ ನಡೆಸುತ್ತಿದ್ದಾರೆ, ಬ್ರೆಡ್ಡಿಗೆ ಬೂಷ್ಟು ಬಂತೆಂದು ಇದುವರೆಗೆ ಒಬ್ಬರೂ ದೂರು ಹೇಳಿಲ್ಲವಂತೆ. ಬಿಸಿ ಬ್ರೆಡ್ಡನ್ನು ಕವರಿಗೆ ಹಾಕಿದರೆ ಒಳಗೇ ಬೆವರುತ್ತದೆ, ಬೆವರಿದ್ದು ಬೇಗ ಕೆಡುತ್ತದೆ ಎಂದು ಮೂರು ಗಂಟೆ ಆರಿಸಿಯೇ ಕಟ್ಟುವ ಮನುಷ್ಯ. ಗಿರಾಕಿ ಎಷ್ಟೇ ಅವಸರ ಮಾಡಲಿ, ಜಪ್ಪಯ್ಯ ಅನ್ನುವುದಿಲ್ಲ. ಮನೆಯಲ್ಲಿ ನಾನು ಜಾಮಿನ ಬಾಟಲಿಗೆ ಒದ್ದೆ ಚಮಚ ಹಾಕಿದರೆ ದಿನವಿಡೀ ಮುಖ ಊದಿಸಿಕೊಂಡಿರುತ್ತಾರೆ.

ಇಂಥವರ ಮಗಳಿಗೆ ಶಾಲೆಯಲ್ಲಿ ಬೂಷ್ಟು ಬೆಳೆಸುವ ಪ್ರಯೋಗ ಕೊಟ್ಟರು. ಅದು ಎಲ್ಲಿ ಬೇಗ ಬೆಳೆಯುತ್ತದೆ ಎಂದು ಆರು ದಿನ ನೋಡಿ ಬರೆಯಬೇಕು. ಚೆನ್ನಾಗಿ ಮಾಡಿದವರಿಗೆ ವಿಜ್ಞಾನ ಮೇಳಕ್ಕೆ ಹೋಗುವ ಅವಕಾಶ. ಏಳನೇ ತರಗತಿಯ ಹುಡುಗಿ, ಮೇಳದ ಹುಚ್ಚು ಹಿಡಿಸಿಕೊಂಡಳು. ನಮ್ಮದೇ ಬ್ರೆಡ್ಡಿನ ನಾಲ್ಕು ಹೋಳು ತಂದಳು. ಒಂದನ್ನು ಕಿಟಕಿಯ ಬಳಿ ಗಾಳಿಗೆ ಬಿಟ್ಟಳು, ಒಂದನ್ನು ಫ್ರಿಜ್ಜಿನಲ್ಲಿಟ್ಟಳು. ಉಳಿದೆರಡಕ್ಕೆ ನೀರು ಚಿಮುಕಿಸಿ, ಕವರಿನಲ್ಲಿ ಕಟ್ಟಿ, ಒಂದನ್ನು ಅಡುಗೆಮನೆಯ ಕಪಾಟಿನಲ್ಲೂ ಇನ್ನೊಂದನ್ನು ಬೇಕರಿಯ ಒಲೆಯ ಪಕ್ಕದ ಬೆಚ್ಚಗಿನ ಹಲಗೆಯ ಮೇಲೂ ಇಟ್ಟಳು. ಪ್ರತಿಯೊಂದಕ್ಕೂ ಚೀಟಿ, ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ನಮ್ಮ ಬೇಕರಿಯ ಹೆಸರು. ಅದನ್ನು ಓದಿದಾಗಲೇ ಇವರ ಮುಖ ಇಳಿಯಿತು.

ಮರುದಿನ ಬೆಳಿಗ್ಗೆ ಹಾಲು ಕಾಯಿಸಲು ಹೋದರೆ, ಇವರು ಕಳ್ಳ ಬೆಕ್ಕಿನ ಹಾಗೆ ಕಪಾಟಿನ ಮುಂದೆ ನಿಂತಿದ್ದಾರೆ. ಹಳೆಯ ಹೋಳು ತೆಗೆದು, ಆಗಷ್ಟೇ ಕತ್ತರಿಸಿದ್ದನ್ನು ಹಾಕಿ, ಮರೆಯದೆ ನಾಲ್ಕು ಹನಿ ನೀರನ್ನೂ ಚಿಮುಕಿಸಿದರು. ಒಲೆಯ ಪಕ್ಕದ್ದನ್ನೂ ಆಗಲೇ ಹೀಗೇ ಬದಲಾಯಿಸಿ ಬಂದಿದ್ದರಂತೆ. ಮೋಸದಲ್ಲೂ ಅಚ್ಚುಕಟ್ಟು. ನಾನು ಬೈದೆ. ನಮ್ಮ ಹೆಸರಿನ ಪಕ್ಕದಲ್ಲಿ ಹಸಿರು ಬೂಷ್ಟನ್ನು ಊರೆಲ್ಲ ನೋಡಬೇಕಾ ಎಂದು ನನಗೇ ತಿರುಗಿಬಿದ್ದರು. ಮಕ್ಕಳ ಆಟ ತಾನೇ ಎಂದು ನಾನೂ ಬಾಯಿ ಮುಚ್ಚಿಕೊಂಡೆ. ಹಾಗಾಗಿ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆರು ದಿನವೂ ಮಗಳ ಪುಸ್ತಕದಲ್ಲಿ ಒಂದೇ ಸಾಲು, ಬೂಷ್ಟು ಇಲ್ಲ. ಏಳನೇ ದಿನ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ನೇರ ಅಂಗಡಿಗೆ ಹೋಗಿ ಅಪ್ಪನ ಎದುರು ನಿಂತಳು. ನಾನೂ ಹಿಂದೆಯೇ ಹೋದೆ.

“ಅಪ್ಪಾ, ನೀನು ಬ್ರೆಡ್ಡಿಗೆ ಏನು ಔಷಧಿ ಹಾಕ್ತೀಯ?”

ಒದ್ದೆ ಮಾಡಿ ಬೆಚ್ಚಗಿಟ್ಟರೂ ಆರು ದಿನ ಬೂಷ್ಟು ಬರಲಿಲ್ಲವೆಂದರೆ ಅದರಲ್ಲಿ ಏನೋ ಬೆರೆಸಿರಲೇಬೇಕು ಎಂದು ವಿಜ್ಞಾನದ ಮೇಡಂ ತರಗತಿಯಲ್ಲೇ ಹೇಳಿದ್ದರಂತೆ. ಗೆಳತಿಯರು ಅವಳ ತಿಂಡಿ ಡಬ್ಬಿ ಮುಟ್ಟಲಿಲ್ಲವಂತೆ. ಅವಳೂ ತಿಂದಿರಲಿಲ್ಲ. ಡಬ್ಬಿ ತೆಗೆದು ತೋರಿಸಿದಳು, ಬೆಳಿಗ್ಗೆ ನಾನು ಬೆಣ್ಣೆ ಸವರಿ ಕೊಟ್ಟ ಬ್ರೆಡ್ಡು ಹಾಗೇ ಇತ್ತು.

ಬನ್ನು ಕೊಳ್ಳಲು ಬಂದಿದ್ದ ಇಬ್ಬರು ಗಿರಾಕಿಗಳು ಕಿವಿ ನೆಟ್ಟಗೆ ಮಾಡಿಕೊಂಡು ನಿಂತರು. ಇವರು ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಾರೆಂದೇ ನಾನು ಎಣಿಸಿದ್ದೆ. ಇವರು ಮಗಳ ಡಬ್ಬಿಯನ್ನೇ ನೋಡುತ್ತಿದ್ದರು.

“ಏನೂ ಹಾಕಲ್ಲ ಮಗಳೇ. ದಿನಾ ಬೆಳಿಗ್ಗೆ ನಾನೇ ಹೋಳು ಬದಲಾಯಿಸ್ತಿದ್ದೆ. ನನ್ನ ಬ್ರೆಡ್ಡಿಗೂ ಬೂಷ್ಟು ಬರುತ್ತೆ.”

ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಕೊನೆಯ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಮಗಳಿಗೆ ಅಳು ಬಂತು.

“ಹಾಗಾದ್ರೆ ನಾನು ಬರೆದದ್ದೆಲ್ಲ ಸುಳ್ಳಾ?”

ಇವರು ಎದ್ದು ಬಂದು ಅವಳ ಹೆಗಲಿನ ಬ್ಯಾಗು ಇಳಿಸಿದರು.

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಲೆಗೆ ಹೋದರು. ಇಡೀ ತರಗತಿಯ ಮುಂದೆ ತಪ್ಪೊಪ್ಪಿಕೊಂಡು, ಮೇಡಂ ಹತ್ತಿರ ಇನ್ನೂ ಆರು ದಿನ ಕೇಳಿ ಪಡೆದು ಬಂದರು. ಈ ಸಲ ಮಗಳು ಕವರುಗಳ ಬಾಯಿಗೆ ಟೇಪು ಅಂಟಿಸಿ ಅದರ ಮೇಲೆ ಸಹಿ ಹಾಕಿದಳು. ಅಪ್ಪನ ಮೇಲೆ ಅಷ್ಟು ನಂಬಿಕೆ. ಮೂರನೇ ದಿನವೇ ಒಲೆಯ ಪಕ್ಕದ ಹೋಳಿನಲ್ಲಿ ಬಿಳಿ ಚುಕ್ಕೆ ಕಂಡಿತು, ನಾಲ್ಕಕ್ಕೆ ಹಸಿರಾಯಿತು. ಐದನೇ ದಿನ ಕಪಾಟಿನದೂ ಶುರು. ಕಿಟಕಿಯದು ಒಣಗಿ ರಟ್ಟಾಯಿತು. ಫ್ರಿಜ್ಜಿನದಕ್ಕೆ ಏನೂ ಆಗಲಿಲ್ಲ.

ಅವಳ ಪ್ರಯೋಗ ಮೇಳಕ್ಕೆ ಆಯ್ಕೆಯಾಯಿತು. ಅಲ್ಲಿ ಎಲ್ಲರೂ ಓದುವ ಪುಟವನ್ನು ಅವಳು ಮೊದಲು ಅಪ್ಪನ ಕೈಗೇ ಕೊಟ್ಟಳು. ಬೂಷ್ಟು ಬೇಗ ಬೆಳೆಯಲು ಕಾರಣ ತೇವ, ಬೆಚ್ಚಗಿನ ಜಾಗ, ಗಾಳಿಯಾಡದ ಕವರು ಎಂದಿತ್ತು. ಬೆಳೆಯದಿರಲು ಕಾರಣ: ಒಣ ಗಾಳಿ, ಫ್ರಿಜ್ಜು, ಅಪ್ಪ.

ಇವರು ಎರಡು ಸಲ ಓದಿದರು. ಕೊನೆಯದನ್ನು ಅಳಿಸು ಎನ್ನುತ್ತಾರೇನೋ ಎಂದು ನಾನು ಕಾದೆ.

“ಇರಲಿ ಬಿಡು, ನಿಜ ತಾನೇ,” ಎಂದು ಪುಟವನ್ನು ಮಗಳ ಕೈಗೆ ವಾಪಸು ಕೊಟ್ಟರು.